ದುಭಾಷಿ ಕಬ್ಬು ಕೇಳಿದ್ದು

"ನಲವತ್ತೊಂದಾ, ನಲವತ್ತೆರಡಾ?" ವಿನ್‌ವಿಲ್ ಮೂರನೆಯ ಸಲ ಕೇಳಿದ.

ಯೂಡಲಿ ತಲೆ ಎತ್ತಲಿಲ್ಲ. ನೆನೆಸಿಟ್ಟ ಉಪ್ಪುಮೀನನ್ನು ಬೆರಳಿನಲ್ಲಿ ಸೀಳಿ ಮುಳ್ಳು ಬಿಡಿಸುತ್ತ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಎಂಬತ್ತು ಜನಕ್ಕಾದರೂ ಊಟ ಹಾಕಬೇಕು. ಎರಡು ಪಾತ್ರೆ ಮೀನು ಮುಗಿದಿತ್ತು, ಇದು ಮೂರನೆಯದು. ಪಕ್ಕದಲ್ಲಿ ಸಿಪ್ಪೆ ಸುಲಿಯದ ಹಸಿ ಬಾಳೆಕಾಯಿಯ ಗೊನೆ ಹಾಗೇ ಬಿದ್ದಿತ್ತು.

"ನಲವತ್ತೊಂದು ಅಂತ ಬರಿ."

"ಅಂದಾಜಿಗೆ ಬರೆಯೋಕಾಗಲ್ಲ ಯೂಡಿ. ಸಂಸ್ಕೃತಿ ಇಲಾಖೆಯಿಂದ ಒಬ್ಬ ಬರ್ತಾನೆ. ಇಗರ್ಜಿಯಲ್ಲಿ ನಾನೊಂದು ಹೇಳಿ ಅವನೊಂದು ಹೇಳಿದ್ರೆ ಚೆನ್ನಾಗಿರುತ್ತಾ?"

"ಹಾಗಾದ್ರೆ ಅಪ್ಪನ್ನೇ ಎಬ್ಬಿಸಿ ಕೇಳು."

ವಿನ್‌ವಿಲ್ ಲಂಡನ್ನಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬಂದು ಎರಡು ದಿನವಾಗಿತ್ತು. ಕರಿ ಸೂಟು ಬೆಳಿಗ್ಗೆ ಎಂಟಕ್ಕೇ ಹಾಕಿಕೊಂಡು, ಈಗ ಕುತ್ತಿಗೆಯ ಬೆವರನ್ನು ಕರವಸ್ತ್ರದಲ್ಲಿ ಒತ್ತಿಕೊಳ್ಳುತ್ತಿದ್ದ. ಕಾಗದವನ್ನು ದೂರ ಹಿಡಿದು ಓದಿದ: "ಹಿಲೇರಿಯನ್ ಮೊಂದೆಸಿರ್ ಅವರು ನಲವತ್ತೊಂದು ವರ್ಷಗಳ ಕಾಲ ಈ ದ್ವೀಪದ ನ್ಯಾಯಾಲಯಗಳಲ್ಲಿ ದುಭಾಷಿಯಾಗಿ, ಇಂಗ್ಲಿಷ್ ಬಾರದ ಬಡಜನರ ದನಿಯಾಗಿ ಸೇವೆ ಸಲ್ಲಿಸಿದರು. ಹೇಗಿದೆ?"

"ಚೆನ್ನಾಗಿದೆ."

"ನೀನು ಕೇಳಿಸ್ಕೊಳ್ಳಲೇ ಇಲ್ಲ."

"ಕೇಳಿಸ್ಕೊಂಡೆ ಅಣ್ಣ. ಕೂತು ಒಂದು ಬಾಳೆಕಾಯಿ ಸುಲಿ, ಪುಣ್ಯ ಬರುತ್ತೆ."

ಅವನು ಸೂಟಿನ ಕಡೆ ಒಮ್ಮೆ ನೋಡಿಕೊಂಡು ಒಳಗೆ ಹೋದ. ಪಕ್ಕದ ಮನೆಯ ಮಾ ಅನ್ಯೆಸ್ ಆ ಕೆಲಸಕ್ಕೆ ಕೂತಳು. ಎಂಬತ್ತರ ಹತ್ತಿರದ ಮುದುಕಿ. ಕೈಗೆ ಎಣ್ಣೆ ಸವರಿಕೊಂಡು ಚಾಕುವಿನಿಂದ ಸಿಪ್ಪೆಯನ್ನು ಉದ್ದಕ್ಕೆ ಗೀರುತ್ತ, "ಎರಡು ರಾತ್ರಿ ಜಾಗರಣೆ ಮಾಡಿದ್ವಿ. ಒಬ್ರಿಗೂ ರಾಗ ನೆಟ್ಟಗೆ ಏರಲಿಲ್ಲ. ನಿಮ್ಮಪ್ಪ ಪೆಟ್ಟಿಗೆಯೊಳಗೆ ಕಿವಿ ಮುಚ್ಕೊಂಡಿರ್ತಾನೆ," ಎಂದಳು.

"ಸೆಲಿಮೆನ್ ಬಂದಿದ್ರೆ ಹೀಗಾಗ್ತಿರಲಿಲ್ಲ," ಎಂದಳು ಯೂಡಲಿ. ಊರಿನ ಯಾವ ಸಾವಿನ ಮನೆಯಲ್ಲೂ ಹಾಡು ಎತ್ತಿಕೊಡುವವಳು ಗುಡ್ಡದ ಮೇಲಿನ ಸೆಲಿಮೆನ್ ದೊರ್ವಿಲ್. ಯೂಡಲಿ ತಾನೇ ಹೋಗಿ ಕರೆದಿದ್ದಳು. ಅರ್ಧ ತೆರೆದ ಬಾಗಿಲ ಹಿಂದಿನಿಂದ ಆ ಹೆಂಗಸು, ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸಿದ್ದಳು.

"ನಿಮ್ಮನೆ ವಿಷಯದಲ್ಲಿ ಅವಳ ಗಂಟಲು ಐವತ್ತು ವರ್ಷದಿಂದ ಸರಿಯಿಲ್ಲ ಮಗಳೇ."

"ಯಾಕೆ?"

ಮಾ ಅನ್ಯೆಸ್ ಬಾಳೆಕಾಯಿಯನ್ನು ನೀರಿಗೆ ಹಾಕಿದಳು. "ಹಳೇ ಕತೆ. ಎಸ್ಟೇಟಿನ ಕಾಲದ್ದು. ಈ ಹೊತ್ತು ಅದೆಲ್ಲ ಯಾಕೆ?"

ಯೂಡಲಿಗೆ ಕೆದಕಿ ಕೇಳುವಷ್ಟು ಶಕ್ತಿ ಇರಲಿಲ್ಲ. ಮೂರು ವರ್ಷ ಅಪ್ಪನನ್ನು ಎತ್ತಿ ಇಳಿಸಿ ಸೊಂಟ ಹೋಗಿತ್ತು. ಅವನು ಸತ್ತ ದಿನ ಅವಳಿಗೆ ಅಳುವಿಗಿಂತ ಮೊದಲು ಬಂದದ್ದು ನಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

*

ಆ ಮನೆಯಲ್ಲಿ ಪತ್ವಾ ಆಡುವಂತಿರಲಿಲ್ಲ. ಹೊರಗೆ ಊರಿಗೆ ಊರೇ ಪತ್ವಾ ಆಡುತ್ತಿತ್ತು. ಫ್ರೆಂಚರು ಹೋಗಿ ನೂರೈವತ್ತು ವರ್ಷವಾದರೂ ಹಳ್ಳಿಗಳು ಅವರ ಭಾಷೆಯನ್ನು ಮುರಿದು ಕಟ್ಟಿಕೊಂಡ ತಮ್ಮ ಮಾತನ್ನು ಬಿಟ್ಟಿರಲಿಲ್ಲ. ಸರ್ಕಾರ ಮಾತ್ರ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನಡುವೆ ನಿಂತು ಇದನ್ನು ಅದಕ್ಕೆ, ಅದನ್ನು ಇದಕ್ಕೆ ದಾಟಿಸುವುದು ಅಪ್ಪನ ಅನ್ನವಾಗಿತ್ತು. ಆದರೆ ಯೂಡಲಿ ಐದು ವರ್ಷದವಳಿದ್ದಾಗ ಪತ್ವಾದಲ್ಲಿ ನೀರು ಕೇಳಿದ್ದಕ್ಕೆ ಅವನು ಕೈಯಲ್ಲಿದ್ದ ಪತ್ರಿಕೆಯಿಂದ ಕಣ್ಣು ಎತ್ತಲಿಲ್ಲ. ಮತ್ತೆ ಕೇಳಿದಳು. "ಆ ಭಾಷೆಯಲ್ಲಿ ಕೇಳಿದ ನೀರಿಗೆ ಈ ಮನೆಯಲ್ಲಿ ಲೋಟ ಇಲ್ಲ," ಎಂದ. ಅವಳು ಇಂಗ್ಲಿಷಿನಲ್ಲಿ ಕೇಳುವವರೆಗೂ ಬಾಯಾರಿಕೊಂಡೇ ನಿಂತಿದ್ದಳು.

ಸಂತೆಯಲ್ಲಿ, ನಲ್ಲಿಯ ಹತ್ತಿರ ಹೆಕ್ಕಿಕೊಂಡ ಪತ್ವಾ ಅವಳ ಬಾಯಲ್ಲಿ ಕುಂಟುತ್ತಲೇ ಉಳಿಯಿತು.

ಕೋರ್ಟಿನಿಂದ ಬಂದ ಅಪ್ಪ ಕರಿಕೋಟನ್ನು ಮೊಳೆಗೆ ತಗುಲಿಸಿ ಯಾವ ಭಾಷೆಯಲ್ಲೂ ಮಾತಾಡದೆ ಕೂತಿರುತ್ತಿದ್ದ. ಎಲ್ಲರಿಗೂ ಮತದ ಹಕ್ಕು ಬಂದಿದ್ದರಿಂದ ಚುನಾವಣೆಯವರೂ ಅವನನ್ನು ಹುಡುಕಿಕೊಂಡು ಬರತೊಡಗಿದರು. ಮತ ಹಾಕಲು ಇಂಗ್ಲಿಷ್ ಬೇಕಿರಲಿಲ್ಲ, ಗೆದ್ದು ಸಭೆಯಲ್ಲಿ ಕೂರಲು ಬೇಕಿತ್ತು. ಹೀಗಾಗಿ ಇಂಗ್ಲಿಷ್ ಬಲ್ಲ ಅಭ್ಯರ್ಥಿ ಲಾರಿಯ ಮೇಲೆ ನಿಂತು ಕೂಗುತ್ತಿದ್ದ, ಅಪ್ಪ ಪಕ್ಕದಲ್ಲಿ ನಿಂತು ಅದನ್ನು ಪತ್ವಾದಲ್ಲಿ ಕೂಗುತ್ತಿದ್ದ. ಸೋಮವಾರ ಈ ಪಕ್ಷ, ಬುಧವಾರ ಆ ಪಕ್ಷ. ತನ್ನನ್ನು ತಾನೇ ಬೈದುಕೊಳ್ಳೋಕೆ ಸಂಬಳ ತಗೊಳ್ಳೋನು ಮೊಂದೆಸಿರ್ ಒಬ್ಬನೇ ಎಂದು ಊರವರು ನಗುತ್ತಿದ್ದರು.

ಸ್ವಾತಂತ್ರ್ಯ ಬಂದ ಫೆಬ್ರವರಿಯಲ್ಲಿ ಯೂಡಲಿಗೆ ಇಪ್ಪತ್ತೆರಡು. ಬ್ರಿಟಿಷರ ಬಾವುಟ ಇಳಿದು ನೀಲಿ ಬಾವುಟ ಏರಿತು. ಊರಿನ ಮೈದಾನದಲ್ಲಿ ಹೊಸ ಸರ್ಕಾರದ ದೊಡ್ಡ ಮನುಷ್ಯನೊಬ್ಬ ಲಾರಿಯ ಮೇಲೆ ನಿಂತು ಅದೇ ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದ. ಇನ್ನು ಮೇಲೆ ಈ ಮಣ್ಣು ನಿಮ್ಮದು, ನಿಮ್ಮ ಮಾತಿಗೆ ನೀವೇ ಒಡೆಯರು ಎಂದು ಅಪ್ಪ ಪತ್ವಾದಲ್ಲಿ ಮುಗಿಸಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಲಾರಿಯ ಚಕ್ರದ ಪಕ್ಕದಿಂದ ಒಣಗಿದಂತಿದ್ದ ಒಬ್ಬ ಹೆಂಗಸು ಕೇಳಿದಳು: "ಅವರು ಹೇಳಿದ್ದು ಕೇಳಿಸ್ತು, ಮಿಸ್ಯೆ ಮೊಂದೆಸಿರ್. ನೀನು ಹೇಳಬೇಕಾದ್ದನ್ನ ಯಾವಾಗ ಹೇಳ್ತೀಯ?"

ಸುತ್ತ ಇದ್ದವರು ತಮಾಷೆಯೆಂದು ನಕ್ಕರು. ಅಪ್ಪ ನಗಲಿಲ್ಲ. ಲಾರಿಯಿಂದ ಇಳಿದು, ಕೂತುಕೊಳ್ಳಿ ಎಂದು ನಿಲ್ಲಿಸಿದ ಜೀಪನ್ನೂ ಹತ್ತದೆ ನಡೆದುಬಿಟ್ಟ. ಯೂಡಲಿ ಹಿಂದೆಯೇ ಓಡಿದಳು.

"ಯಾರಪ್ಪ ಅದು?"

"ಯಾರೋ ಒಬ್ಬಳು," ಎಂದ.

*

ಮೀನಿನ ಪಾತ್ರೆ ಎತ್ತಿಕೊಂಡು ಎದ್ದಾಗ ಅಂಗಳದ ಹಿಂಬದಿಯಲ್ಲಿ ಸೆಲಿಮೆನ್ ನಿಂತಿದ್ದಳು. ಬಿಳಿ ರವಿಕೆ, ಕರಿ ಲಂಗ, ತಲೆಗೆ ನೇರಳೆ ವಸ್ತ್ರ. ಅರವತ್ತಾರರ ಹೆಂಗಸು ಗುಡ್ಡ ಇಳಿದು ಬಂದಿದ್ದರೂ ಏದುಸಿರು ಇರಲಿಲ್ಲ. ಮುಂಬಾಗಿಲಿಗೆ ಹೋಗದೆ ಅಡುಗೆಮನೆಯ ಕಡೆಗೇ ಬಂದಿದ್ದಳು.

ಮಾ ಅನ್ಯೆಸ್ ಕೈಯ ಚಾಕು ಹಾಗೇ ನಿಂತಿತು. "ದೇವರೇ. ಕೊನೆಗೂ ಬಂದೆಯಾ?"

"ಹಾಡೋಕೆ ಬಂದಿಲ್ಲ," ಎಂದಳು ಸೆಲಿಮೆನ್. ಯೂಡಲಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಆರಿಸಿದಂತೆ ಹೇಳಿದಳು: "ಒಂದು ಮಾತು ಕೇಳಿ ಹೋಗ್ತೀನಿ. ನಿಮ್ಮಪ್ಪ ಹೋಗೋ ಮುಂಚೆ ಏನಾದ್ರೂ ಹೇಳಿದ್ರಾ?"

"ಏನು ಹೇಳ್ತಾರೆ ಮಾ ಸೆಲಿಮೆನ್? ಮೂರು ವರ್ಷದಿಂದ ಮಾತು ಸರಿ ಇರಲಿಲ್ಲ."

"ಸರಿ ಇಲ್ಲದ್ದೇ ಆಗಲಿ. ಏನಂದ್ರು?"

ಯೂಡಲಿ ಪಾತ್ರೆಯನ್ನು ಕೆಳಗಿಟ್ಟಳು. "ಏನಿಲ್ಲ. ಕಬ್ಬು ಕೇಳ್ತಿದ್ರು."

*

ಪಾರ್ಶ್ವವಾಯು ಅಪ್ಪನ ಬಲಗೈಯನ್ನೂ ಇಂಗ್ಲಿಷನ್ನೂ ಒಟ್ಟಿಗೆ ಕೊಂಡೊಯ್ದಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಡಾಕ್ಟರು ಹೆಸರು ಕೇಳಿದರೆ ಸುಮ್ಮನೆ ನೋಡಿದ. ಮೂರನೆಯ ದಿನ ಮಾತು ಬಂತು, ಬಂದದ್ದು ಬರೀ ಪತ್ವಾ. ಅದೂ ಕೋರ್ಟಿನ ಪತ್ವಾ ಅಲ್ಲ, ಅವನ ಅಜ್ಜಿ ಆಡುತ್ತಿದ್ದ ಗುಡ್ಡದ ಪತ್ವಾ.

ಯೂಡಲಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ತೀರಾ ತಿಳಿಯದಿದ್ದಾಗ ಬೇಲಿಯಾಚೆಗೆ ಮಾ ಅನ್ಯೆಸ್‌ಳನ್ನು ಕೂಗುತ್ತಿದ್ದಳು. ಅವಳು ಬಂದು ಕಿವಿಗೊಟ್ಟು, ಬೆನ್ನು ಕಡಿಯುತ್ತಂತೆ, ಕಿಟಕಿ ಮುಚ್ಚಬೇಕಂತೆ ಎಂದು ಹೇಳಿ ಹೋಗುತ್ತಿದ್ದಳು. ಊರಿಗೆಲ್ಲ ದುಭಾಷಿಯಾಗಿದ್ದವನಿಗೆ ಸ್ವಂತ ಮಗಳ ಜೊತೆ ಮಾತಾಡಲು ದುಭಾಷಿ ಬೇಕಾಗಿತ್ತು.

ಕೊನೆಯ ತಿಂಗಳು ಒಂದೇ ಮಾತು ಹಿಡಿದ. ಗಂಜಿಯ ಚಮಚ ಬಾಯಿಯ ಹತ್ತಿರ ತಂದರೆ ಅವಳ ಮಣಿಕಟ್ಟು ಹಿಡಿದು, "ಸೆ ಪಾ ಲಿ, ಸೆ ಕಾನ್-ಲಾ," ಎನ್ನುತ್ತಿದ್ದ.

"ಅದು ಬೇಡ್ವಂತೆ, ಕಬ್ಬು ಬೇಕಂತೆ," ಎಂದಳು ಮಾ ಅನ್ಯೆಸ್. "ಪಾಪ, ಹುಡುಗನಾಗಿದ್ದಾಗ ಜಗಿದಿದ್ದು ನೆನಪಾಗ್ತಿದೆ."

ಆ ಕಣಿವೆಯಲ್ಲಿ ಕಬ್ಬು ಹೋಗಿ ಐವತ್ತು ವರ್ಷವಾಗಿತ್ತು. ಎಸ್ಟೇಟು ಬಾಳೆಗೆ ತಿರುಗಿ, ಬಾಳೆಯೂ ಸೋತು, ಈಗ ಅರ್ಧ ಪೊದೆ. ಯೂಡಲಿ ಎರಡು ವ್ಯಾನು ಬದಲಿಸಿ ತೆಂಕಣ ಕಡೆಯ ಹಳ್ಳಿಯೊಂದಕ್ಕೆ ಹೋಗಿ, ಯಾರದೋ ಹಿತ್ತಲಲ್ಲಿ ನಿಂತಿದ್ದ ನಾಲ್ಕು ಜಲ್ಲೆ ಬೇಡಿ ತಂದಳು. ಸಣ್ಣಗೆ ಹೆಚ್ಚಿ, ಹಿಂಡಿ, ಬಟ್ಟೆಯಲ್ಲಿ ಸೋಸಿ ರಸವನ್ನು ಚಮಚದಲ್ಲಿ ತುಟಿಗೆ ಇಟ್ಟಳು.

ಅಪ್ಪ ಅದನ್ನು ಉಗುಳಿದ. ಎಡಗೈಯಿಂದ ಲೋಟ ತಳ್ಳಿದ. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತ. ಅವನು ಅತ್ತದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಆ ದಿನ ಅವಳೂ ರೇಗಿದ್ದಳು. "ಇದಕ್ಕಿಂತ ಇನ್ನೇನು ಮಾಡ್ಲಿ? ಹೇಳು, ಇನ್ನೇನು ಮಾಡ್ಲಿ?" ಎಂದು ಕೂಗಿದ್ದು ಬೇಲಿಯಾಚೆಗೂ ಕೇಳಿಸಿತ್ತು. ನೆಲಕ್ಕೆ ಚೆಲ್ಲಿದ ರಸಕ್ಕೆ ಇರುವೆ ಮುತ್ತಿ, ಒರೆಸಿ ಒರೆಸಿ ಸಾಕಾಗಿತ್ತು.

*

"ಆ ಮಾತನ್ನ ಅವರು ಅಂದ ಹಾಗೇ ಹೇಳಿ," ಎಂದಳು ಸೆಲಿಮೆನ್. "ಅವರ ಶಬ್ದದಲ್ಲೇ."

"ನನ್ನ ಉಚ್ಚಾರ ಸರಿಯಿಲ್ಲ."

"ಪರವಾಗಿಲ್ಲ."

"ಸೆ ಪಾ ಲಿ, ಸೆ ಕಾನ್-ಲಾ."

ಸೆಲಿಮೆನ್ ಗೋಡೆಗೆ ಕೈ ಊರಿದಳು. ನಿಧಾನವಾಗಿ ಮೆಟ್ಟಿಲ ಮೇಲೆ, ಬಾಳೆಕಾಯಿ ಸಿಪ್ಪೆಯ ನಡುವೆಯೇ ಕೂತಳು. ಅವಳ ಮುಖ ನೋಡುತ್ತ ನೋಡುತ್ತ ಮಾ ಅನ್ಯೆಸ್ ಬಾಯಿಗೆ ಮುಂಗೈ ಅಡ್ಡ ಹಿಡಿದಳು. "ಅಯ್ಯೋ, ನನ್ನ ತಲೆಗಿಷ್ಟು! ನಾನು ಗಂಜಿ ಬೇಡ ಅಂತಿದಾನೆ ಅಂದ್ಕೊಂಡೆ."

"ನನಗೂ ಯಾರಾದ್ರೂ ಹೇಳಿ," ಎಂದಳು ಯೂಡಲಿ. "ನನ್ನ ಮನೆಯಲ್ಲಿ ನನಗೊಬ್ಬಳಿಗೇ ಏನೂ ಅರ್ಥ ಆಗ್ತಿಲ್ಲ."

ಸೆಲಿಮೆನ್ ಹೇಳಿದಳು.

"ನನಗಾಗ ಎಂಟು ವರ್ಷ. ನಮ್ಮಪ್ಪ ಎಸ್ಟೇಟಲ್ಲಿ ಕಬ್ಬು ಕಡಿಯೋನು. ಕೂಲಿ ಜಾಸ್ತಿ ಮಾಡಿ ಅಂತ ಎಲ್ಲರನ್ನೂ ಸೇರಿಸಿ ಕೆಲಸ ನಿಲ್ಲಿಸಿದ್ದ. ಆಗಷ್ಟೇ ಎಲ್ಲರೂ ಕೆಲಸಕ್ಕೆ ವಾಪಸ್ ಹೋಗಿದ್ರು, ಎಸ್ಟೇಟಿನವರ ಹೊಟ್ಟೇಲಿ ಇನ್ನೂ ಉರಿ ಇತ್ತು. ಸಕ್ಕರೆ ಕಾರ್ಖಾನೆ ಚಿಮಣಿ ಪಕ್ಕದ ಗದ್ದೇಲಿ ಒಣ ಸೋಗೆ ಮಂಡಿ ಮಟ್ಟ ಬಿದ್ದಿತ್ತು. ಅಪ್ಪ ಮೇಲ್ವಿಚಾರಕನಿಗೆ ಹೇಳಿದ, ಸೋಗೆ ತೆಗೆಸಿ, ಕಿಡಿ ಹಾರ್ತಿದೆ, ಬೆಂಕಿ 'ಲಿ'ಯನ್ನ ಹಿಡಿಯುತ್ತೆ ಅಂತ. ಮೂರನೇ ದಿನ ಬೆಂಕಿ ಬಿತ್ತು. ಗದ್ದೆ ಹೋಯ್ತು, ಮೇಲ್ವಿಚಾರಕನ ಮನೆ ಹೋಯ್ತು, ಅವನ ಕೈ ಸುಟ್ಟಿತು. ಅಪ್ಪನ್ನ ಹಿಡಿದ್ರು."

ಪತ್ವಾದಲ್ಲಿ ಅವನೂ ಲಿ, ಅವಳೂ ಲಿ, ಅದೂ ಲಿ. ಮನುಷ್ಯನಿಗೂ ಗದ್ದೆಗೂ ಒಂದೇ ಶಬ್ದ. ಅಷ್ಟು ಯೂಡಲಿಗೂ ಗೊತ್ತಿತ್ತು.

"ಅಪ್ಪ ಕಟಕಟೇಲಿ ನಿಂತು ಅದನ್ನೇ ಹೇಳಿದ. ನಿಮ್ಮಪ್ಪ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಇಂಗ್ಲಿಷಲ್ಲಿ ಹೇಳ್ತಾ ಬಂದು 'ಲಿ' ಹತ್ರ ನಿಂತುಬಿಟ್ಟ. ಮ್ಯಾಜಿಸ್ಟ್ರೇಟರು ಕೇಳಿದ್ರು, ಹಿಮ್ ಆರ್ ಇಟ್? ನಿಮ್ಮಪ್ಪ ಮುಂದಿನ ಬೆಂಚಿನ ಕಡೆ ನೋಡಿದ. ಎಸ್ಟೇಟ್ ಮ್ಯಾನೇಜರು ಮಂಡಿ ಮೇಲೆ ಹ್ಯಾಟು ಇಟ್ಕೊಂಡು ಕೂತಿದ್ದ. ನೋಡಿ, ಹಿಮ್ ಅಂದ. ಎಚ್ಚರಿಕೆ ಬೆದರಿಕೆ ಆಗೋಯ್ತು."

ಸೆ ಪಾ ಲಿ, ಸೆ ಕಾನ್-ಲಾ: ಅವನಲ್ಲ, ಆ ಕಬ್ಬು ಎಂದು ಅಪ್ಪ ಹೇಳುತ್ತಿದ್ದದ್ದು ಯೂಡಲಿಗೆ ಆಗ ತಿಳಿಯಿತು.

"ನನಗೆ ಆಗ ಇಂಗ್ಲಿಷ್ ಬರ್ತಿರಲಿಲ್ಲ. ಆ ಎರಡು ಶಬ್ದ ಮಾತ್ರ ಕಿವೀಲಿ ಉಳಿದಿತ್ತು. ಎರಡು ವರ್ಷ ಆದ್ಮೇಲೆ ಸ್ಕೂಲಲ್ಲಿ ಟೀಚರು ಬೋರ್ಡ್ ಮೇಲೆ ಅದನ್ನ ಬರೆದು ಅರ್ಥ ಹೇಳಿದ್ರು. ಅಷ್ಟು ಹೊತ್ತಿಗೆ ಅಪ್ಪ ಜೈಲಲ್ಲೇ ಜ್ವರ ಬಂದು ಸತ್ತಾಗಿತ್ತು. ಅಮ್ಮ ಬದುಕಿರೋವರೆಗೂ ಕಾದಳು. ಒಂದು ಸಲ ಲಾರಿ ಹತ್ರ ನಿಂತು ಕೇಳಿಯೂ ಕೇಳಿದಳು."

"ಗೊತ್ತು," ಎಂದಳು ಯೂಡಲಿ. "ನಾನು ಅಲ್ಲೇ ಇದ್ದೆ."

ಬಾಗಿಲಲ್ಲಿ ವಿನ್‌ವಿಲ್ ನಿಂತಿದ್ದದ್ದು ಆಗಲೇ ಅವರಿಗೆ ಕಂಡದ್ದು. ಎಷ್ಟು ಕೇಳಿಸಿಕೊಂಡಿದ್ದನೋ, ಮುಖ ಬಿಗಿದಿತ್ತು. "ಇವತ್ತೇ ಆಗಬೇಕಾಗಿತ್ತಾ ಇದು? ಒಳಗೆ ಜನ ಕೂತಿದಾರೆ."

"ನಾನು ಜಗಳಕ್ಕೆ ಬಂದಿಲ್ಲ ಮಿಸ್ಯೆ," ಎಂದಳು ಸೆಲಿಮೆನ್. ಎದ್ದು ಲಂಗ ಕೊಡವಿದಳು. "ಊರಿನ ಮುಂದೆ ಒಂದು ಸಲ ಹೇಳಿಸಿ. ಇಂಗ್ಲಿಷಲ್ಲಿ. ನಮ್ಮಪ್ಪನ್ನ ಒಳಗೆ ಹಾಕಿದ್ದು ಇಂಗ್ಲಿಷಲ್ಲಿ, ಹೊರಗೆ ತರೋದೂ ಅದರಲ್ಲೇ ಆಗಲಿ. ನಾನು ಹೇಳಿದ್ರೆ ಸೆಲಿಮೆನ್‌ಗೆ ಹಳೇ ಹೊಟ್ಟೆಯುರಿ ಅಂತಾರೆ. ನಿಮ್ಮ ಮನೆಯಿಂದ ಬಂದ್ರೆ ಅದರ ತೂಕ ಬೇರೆ."

ಅವಳು ಹೋದ ಮೇಲೆ ವಿನ್‌ವಿಲ್ ಮೆತ್ತಗೆ, ಆದರೆ ಹಲ್ಲು ಕಚ್ಚಿ ಹೇಳಿದ: "ತಲೆ ಕೆಟ್ಟ ಮುದುಕ ಏನೋ ಒದರಿದ ಅಂತ ನೀನು ಅವರ ಹೆಸರಿಗೆ ಮಸಿ ಬಳಿಯೋಕೆ ಹೋಗಬೇಡ. ನಲವತ್ತೊಂದು ವರ್ಷ, ಯೂಡಿ. ಎಷ್ಟು ಸಾವಿರ ಮಾತು ಸರಿಯಾಗಿ ಹೇಳಿಲ್ಲ ಅವರು?"

"ತಲೆ ಕೆಟ್ಟಿರಲಿಲ್ಲ ಅಣ್ಣ. ನೀನು ಇಲ್ಲಿರಲಿಲ್ಲ."

"ಓ, ಅದನ್ನ ಈಗ ತೆಗೀತೀಯಾ?"

ಅವಳು ನಲ್ಲಿಯ ಕೆಳಗೆ ಕೈ ತೊಳೆದಳು. ನಿಂಬೆ ಹಚ್ಚಿ ಮತ್ತೆ ತೊಳೆದಳು. ಮೀನಿನ ವಾಸನೆ ಹೋಗಲಿಲ್ಲ.

*

ಇಗರ್ಜಿ ತುಂಬಿತ್ತು. ಇಲಾಖೆಯ ಮನುಷ್ಯ ಮೊದಲು ಮಾತಾಡಿದ. ನಾಲ್ಕು ವರ್ಷದ ಹಿಂದೆ ಅಕ್ಟೋಬರಿನ ಪತ್ವಾ ಹಬ್ಬದಲ್ಲಿ, ಮಕ್ಕಳೆಲ್ಲ ಚೌಕಳಿ ಬಟ್ಟೆ ಉಟ್ಟು ಕುಣಿದ ದಿನ, ಇದೇ ಹಿಲೇರಿಯನ್ ಮೊಂದೆಸಿರ್ ಅವರಿಗೆ ನಾಡಿನ ಮಾತನ್ನು ಉಳಿಸಿದ್ದಕ್ಕಾಗಿ ಫಲಕ ಕೊಟ್ಟಿದ್ದೆವು ಎಂದು ಇಂಗ್ಲಿಷಿನಲ್ಲಿ ನೆನೆಸಿದ. ಸೇವೆ ನಲವತ್ತೆರಡು ವರ್ಷ ಎಂದ. ವಿನ್‌ವಿಲ್ ಕೂತಲ್ಲೇ ಪೆನ್ನು ತೆಗೆದು ತನ್ನ ಕಾಗದ ತಿದ್ದಿಕೊಂಡ.

ಆಮೇಲೆ ಅವನು ಎದ್ದು ಓದಿದ. ಚೆನ್ನಾಗಿ ಓದಿದ. "ಇಂಗ್ಲಿಷ್ ಬಾರದ ಬಡಜನರ ದನಿಯಾಗಿ" ಎಂಬಲ್ಲಿಗೆ ಬಂದಾಗ ಮಾತ್ರ ಕಾಗದದಿಂದ ಕಣ್ಣೆತ್ತಿ ತಂಗಿಯನ್ನು ನೋಡಿದ. ನಾಲಿಗೆ ತೊಡರಿತು. ಆ ಸಾಲನ್ನು ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹೋದ.

ಅವನು ಬಂದು ಕೂತ ಮೇಲೆ ಪಾದ್ರಿ ಎದ್ದರು. ಯೂಡಲಿಯೂ ಎದ್ದಳು. ಸೊಂಟ ನೋಯುತ್ತಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಹಾದುಹೋಗುವಾಗ ಅದರ ಮೇಲೆ ಕೈ ಇಟ್ಟು ಒಂದು ಗಳಿಗೆ ಆತುಕೊಂಡಳು. ನೋಡಿದವರಿಗೆ ದುಃಖ ಎನಿಸಿರಬೇಕು.

"ಒಂದೆರಡು ಮಾತು, ಫಾದರ್."

ಮೈಕಿನ ಮುಂದೆ ನಿಂತಳು. ಅಪ್ಪ ಎಂದೂ ತನ್ನದೆಂದು ಒಂದು ಮಾತು ಹತ್ತು ಜನರ ಎದುರು ಆಡಿದ್ದು ಅವಳಿಗೆ ನೆನಪಿರಲಿಲ್ಲ. ಕಡೆಗೆ ಆಡಿದ್ದು ಒಂದೇ. ಅದು ತಲುಪಬೇಕಾದವರಿಗೆ ತಲುಪದೆ, ತಾನು ಅದಕ್ಕೆ ಕಬ್ಬಿನ ಹಾಲು ಹಿಂಡಿ ಕುಡಿಸಿದ್ದಳು.

"ನಮ್ಮಪ್ಪ ಸಾಯೋ ಮುಂಚೆ ಒಂದು ಮಾತು ಹೇಳಿದ," ಎಂದಳು ಇಂಗ್ಲಿಷಿನಲ್ಲಿ. "ನನಗೆ ಆಗ ಅರ್ಥ ಆಗಲಿಲ್ಲ. ಇವತ್ತು ಆಯ್ತು. ತುಂಬಾ ವರ್ಷದ ಹಿಂದೆ ಕೋರ್ಟಲ್ಲಿ ದೊರ್ವಿಲ್ ಅನ್ನೋ ಮನುಷ್ಯನ ಮಾತನ್ನ ನಮ್ಮಪ್ಪ ತಪ್ಪಾಗಿ ಹೇಳಿದ. ಬೆಂಕಿ ಅವನನ್ನ ಹಿಡಿಯುತ್ತೆ ಅಂತ ದೊರ್ವಿಲ್ ಹೇಳಿರಲಿಲ್ಲ. ಕಬ್ಬನ್ನ ಹಿಡಿಯುತ್ತೆ ಅಂದಿದ್ದ. ಎಚ್ಚರಿಕೆ ಕೊಟ್ಟಿದ್ದ. ನಮ್ಮಪ್ಪನಿಗೆ ಅದು ಗೊತ್ತಿತ್ತು. ದೊರ್ವಿಲ್ ತಪ್ಪು ಮಾಡಿರಲಿಲ್ಲ. ಅಷ್ಟೇ."

ಮುಂದಿನ ಸಾಲಿನಲ್ಲಿ ವಿನ್‌ವಿಲ್ ಮುಖಕ್ಕೆ ಕರವಸ್ತ್ರ ಒತ್ತಿಕೊಂಡಿದ್ದ. ಇಲಾಖೆಯ ಮನುಷ್ಯ ತನ್ನ ಬೂಟು ನೋಡುತ್ತಿದ್ದ.

ಹಿಂದಿನ ಸಾಲುಗಳಲ್ಲಿ ಮಾತ್ರ ಗುಸುಗುಸು ಎದ್ದಿತು. ಅಲ್ಲಿ ಕೂತಿದ್ದದ್ದು ಗುಡ್ಡದ ಮೇಲಿನ ಮುದುಕ ಮುದುಕಿಯರು, ಎಸ್ಟೇಟಿನಲ್ಲಿ ಕಬ್ಬು ಕಡಿದು ಸವೆದವರು. ದೊರ್ವಿಲ್ ಎಂಬ ಹೆಸರೊಂದು ಕಿವಿಗೆ ಬಿದ್ದಿತ್ತು, ಉಳಿದದ್ದು ತಿಳಿದಿರಲಿಲ್ಲ. ಏನಂದಳು, ಏನಂದಳು ಎಂದು ಒಬ್ಬರ ತೋಳನ್ನೊಬ್ಬರು ತಿವಿದು ಕೇಳುತ್ತಿದ್ದರು.

ನಡುವಿನ ಸಾಲಿನಿಂದ ಸೆಲಿಮೆನ್ ಎದ್ದಳು. ಬಲಿಪೀಠಕ್ಕೆ ಬೆನ್ನು ಹಾಕಿ ಹಿಂದಕ್ಕೆ ತಿರುಗಿದಳು. ಪತ್ವಾದಲ್ಲಿ, ಯೂಡಲಿ ಹೇಳಿದ್ದನ್ನು ಒಂದು ಶಬ್ದ ಕೂಡಿಸದೆ, ಒಂದು ಶಬ್ದ ಬಿಡದೆ ಹೇಳತೊಡಗಿದಳು: "ನಮ್ಮಪ್ಪ ಸಾಯೋ ಮುಂಚೆ ಒಂದು ಮಾತು ಹೇಳಿದ. ನನಗೆ ಆಗ ಅರ್ಥ ಆಗಲಿಲ್ಲ. ಇವತ್ತು ಆಯ್ತು. ತುಂಬಾ ವರ್ಷದ ಹಿಂದೆ ಕೋರ್ಟಲ್ಲಿ ದೊರ್ವಿಲ್ ಅನ್ನೋ ಮನುಷ್ಯನ ಮಾತನ್ನ ನಮ್ಮಪ್ಪ ತಪ್ಪಾಗಿ ಹೇಳಿದ..."

ಮುಗಿಸಿ ಅವಳು ಕೂರಲಿಲ್ಲ. ನಡುದಾರಿಯಲ್ಲಿ ನಡೆದು ಬಾಗಿಲಿಗೆ ಹೋದಳು. ಹೊರಗೆ ಬಾದಾಮಿ ಮರದ ಕೆಳಗೆ, ಯಾವ ಸಾವಿಗೂ ಒಳಗೆ ಬಾರದ ಗಂಡಸರು ಸಿಗರೇಟು ಸೇದುತ್ತ ನಿಂತಿದ್ದರು. ಅವರಿಗೂ ಮೊದಲಿನಿಂದ ಹೇಳಿದಳು. ಪಾದ್ರಿ ಪುಸ್ತಕ ತೆರೆದು ಹಿಡಿದು ಕಾಯುತ್ತಿದ್ದರು.

ಸ್ವಲ್ಪ ಹೊತ್ತಿಗೆ ಆ ಗಂಡಸರಲ್ಲಿ ಒಬ್ಬ ಒಳಗೆ ಬಂದ. ಅವನ ಹಿಂದೆ ಇನ್ನೊಬ್ಬ. ಕೂರಲು ಜಾಗ ಇರಲಿಲ್ಲ. ಹ್ಯಾಟುಗಳನ್ನು ಹೊಟ್ಟೆಗೆ ಒತ್ತಿಕೊಂಡು ಅವರು ಒಬ್ಬೊಬ್ಬರಾಗಿ ಗೋಡೆಯುದ್ದಕ್ಕೂ ನಿಲ್ಲುತ್ತ ಹೋದರು.